ಸಂಗೀತ ಶಾಸ್ತ್ರಕ್ಕೆ ಪುಸ್ತಕವೋ, ವಿಡಿಯೋವೋ, ಗುರುಗಳ ಪಾಠವೋ?

ಪಿಯುಸಿ ಮುಗಿಸಿ ಕರ್ನಾಟಕ ಸಂಗೀತದ ಪದವಿಗೆ ಸೇರುವ ಮಕ್ಕಳಿಗೆ ಹಾಡೋದು ಬರುತ್ತದೆ, ಶಾಸ್ತ್ರದಲ್ಲಿ ತಡವರಿಸುತ್ತಾರೆ. ಅವರಿಗೆ ಏನು ಕೊಡಿಸಲಿ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ವಿಡಿಯೋಗೆ ಡೇಟಾ ಇದ್ದರೆ ಸಾಕು. ಪುಸ್ತಕ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ. ಗುರುಗಳಿಗೆ ತಿಂಗಳು ತಿಂಗಳು ಫೀಸು.

ನೆನಪಿಡಬೇಕಾದ ವಿಷಯಕ್ಕೆ ನನಗೆ ಪುಸ್ತಕವೇ ಇಷ್ಟ. 72 ಮೇಳಗಳು (ಅಂದರೆ ಮೂಲ ರಾಗಗಳು), 35 ತಾಳಗಳು ಕಣ್ಣಮುಂದೆ ಇರಬೇಕು, ಪೆನ್ಸಿಲ್ಲಿನಲ್ಲಿ ಗುರುತು ಹಾಕಬೇಕು. ಅಕ್ಷರಕ್ಕೊಂದು ಅಂಕಿ ಕೊಟ್ಟು, ಹೆಸರಿನ ಮೊದಲ ಎರಡು ಅಕ್ಷರಗಳಿಂದ ಮೇಳದ ಸಂಖ್ಯೆ ಹೇಳುವ ಕಟಪಯಾದಿ ಸೂತ್ರವನ್ನೇ ನೋಡಿ. ಧೀರಶಂಕರಾಭರಣದಲ್ಲಿ 'ಧೀ' ಅಂದರೆ 9, 'ರ' ಅಂದರೆ 2. ತಿರುಗಿಸಿದರೆ 29, ಅದೇ ಮೇಳದ ಸಂಖ್ಯೆ. ಇದನ್ನು ಹತ್ತು ರಾಗಕ್ಕೆ ಕೈಯಲ್ಲಿ ಬರೆದು ನೋಡಿದವರು ಮರೆಯೋದಿಲ್ಲ. ಸುಮ್ನೆ ವಿಡಿಯೋ ನೋಡಿದವರು ಮರೆತೇ ಮರೆಯುತ್ತಾರೆ.

ಆದರೆ ಕಿವಿಯ ವಿಷಯ ಬಂದಾಗ ಪುಸ್ತಕ ಸೋಲುತ್ತದೆ. ತೋಡಿ ರಾಗದಲ್ಲಿ ಬರುವ ಸ್ವರ ಸಾಧಾರಣ ಗಾಂಧಾರ ಅಂತ ಬರೆದಿರುತ್ತದೆ, ಹಾಡುವಾಗ ಅದು ಹೇಗೆ ತೂಗಾಡುತ್ತದೆ ಅಂತ ಕೇಳಿಯೇ ತಿಳಿಯಬೇಕು. ಅದಕ್ಕೆ ವಿಡಿಯೋ ಒಳ್ಳೆಯದು, ಎಷ್ಟು ಸಲ ಬೇಕಾದರೂ ಹಿಂದಕ್ಕೆ ಹಾಕಿ ಕೇಳಬಹುದು. ತಪ್ಪು ತಿದ್ದೋಕೆ ಮಾತ್ರ ಎದುರಿಗೆ ಗುರುಗಳೇ ಬೇಕು, ಅಲ್ವಾ?

ಪರೀಕ್ಷೆಗೆ ಎರಡೇ ತಿಂಗಳಿದ್ದರೆ ಪುಸ್ತಕ ಹಿಡಿಸಿ. ಊರಲ್ಲಿ ಗುರುಗಳಿಲ್ಲದಿದ್ದರೆ ಪುಸ್ತಕದ ಜೊತೆ ವಿಡಿಯೋ ಇರಲಿ. ಒಂದು ವರ್ಷ ಸಮಯವಿದ್ದು, ಸ್ವರಲಿಪಿ ಬರೆಯೋದರಲ್ಲಿ ಮಗು ಎಡವುತ್ತಿದ್ದರೆ, ವಾರಕ್ಕೊಂದು ದಿನವಾದರೂ ಗುರುಗಳ ಹತ್ತಿರ ಕಳಿಸಿ.