ಶಾಂಘೈನಲ್ಲಿ "ಬನ್ನಿ, ಟೀ ಕುಡಿಯೋಣ" ಅಂದರೆ ಹೋಗಬೇಡಿ

ಮೊದಲೇ ಹೇಳಿಬಿಡುತ್ತೇನೆ. ಶಾಂಘೈನ ನಾನ್‌ಜಿಂಗ್ ರೋಡ್, ನದಿ ದಂಡೆಯ ಬಂಡ್ ರಸ್ತೆ, ಯುಯುವಾನ್ ತೋಟದ ಕಡೆ ಓಡಾಡುವಾಗ ಚಂದದ ಇಂಗ್ಲಿಷ್ ಮಾತಾಡುವ ಹುಡುಗ ಹುಡುಗಿಯರು ಬಂದು "ನಮ್ಮದೊಂದು ಫೋಟೋ ತೆಗೀತೀರಾ" ಅಂತ ಕೇಳಿ, ಆಮೇಲೆ ಟೀಗೆ ಕರೆದರೆ ಹೋಗಬೇಡಿ. ಎಷ್ಟೇ ಒಳ್ಳೆಯವರ ಹಾಗೆ ಕಂಡರೂ ಹೋಗಬೇಡಿ. ನಾನು ಹೋದೆ. 1,366 ಯುವಾನ್ ಕೊಟ್ಟು ಬಂದೆ. ನಮ್ಮ ದುಡ್ಡಲ್ಲಿ 16 ಸಾವಿರದ ಮೇಲೆ. ಟೀಗೆ! ಊಟಕ್ಕೂ ಅಲ್ಲ, ಟೀಗೆ.

ಬರೆಯಲು ನಾಚಿಕೆ ಆಗುತ್ತಿದೆ. ಪೀಣ್ಯದಲ್ಲಿ 18 ವರ್ಷದಿಂದ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಗುಜರಿಯವನ ತಕ್ಕಡಿ ದೂರದಿಂದ ನೋಡಿಯೇ ಎಷ್ಟು ಹೊಡೀತಾನೆ ಅಂತ ಹೇಳುವವನು ನಾನು. ಅಂಥವನು ಮೂರು ಮಕ್ಕಳ ಕೈಲಿ ಸಿಕ್ಕಿಕೊಂಡೆ.

ಏಪ್ರಿಲ್‌ನಲ್ಲಿ ಒಂದು ಮೆಷಿನ್ ನೋಡಲು ಶಾಂಘೈ ಹತ್ತಿರದ ವೂಶಿ ಅನ್ನುವ ಊರಿಗೆ ಹೋಗಬೇಕಿತ್ತು. ನಡುವೆ ಒಂದು ಭಾನುವಾರ ಶಾಂಘೈನಲ್ಲಿ ಖಾಲಿ ಸಿಕ್ಕಿತು. ಒಬ್ಬನೇ. ಬೆಳಿಗ್ಗೆ ಪೀಪಲ್ಸ್ ಸ್ಕ್ವೇರ್ ಹತ್ತಿರದ ಒಂದು ಗಲ್ಲಿಯಲ್ಲಿ ಶೆಂಗ್‌ಜಿಯಾನ್ ತಿಂದೆ. ತಳ ಗರಿಗರಿ ಆಗುವ ಹಾಗೆ ದೊಡ್ಡ ಕಾವಲಿಯಲ್ಲಿ ಬೇಯಿಸಿ, ಮೇಲೆ ಎಳ್ಳು, ಈರುಳ್ಳಿ ಸೊಪ್ಪು ಉದುರಿಸಿದ ಕಡುಬು. ಒಳಗೆ ಹಂದಿ ಮಾಂಸ, ಸುಡುವ ರಸ. ಸಸ್ಯಾಹಾರಿಗಳು ದೂರ ಇರಿ. ಆಮೇಲೆ ಒಂದು ಜಿಯಾನ್‌ಬಿಂಗ್. ತೆಳ್ಳಗೆ ದೋಸೆ ಹುಯ್ದು, ಮೊಟ್ಟೆ ಒಡೆದು, ಖಾರ ಸವರಿ ಮಡಚಿ ಕೊಡುತ್ತಾರೆ. ನಮ್ಮ ದೋಸೆಯ ದೂರದ ನೆಂಟ ಅನ್ನಿ. ಎರಡೂ ಸೇರಿ 25 ಯುವಾನ್ ದಾಟಲಿಲ್ಲ. ಎಲ್ಲ ಕಡೆ ಬೆಲೆ ಗೋಡೆ ಮೇಲೆ ಬರೆದಿದೆ, ಫೋನ್ ತೋರಿಸಿ ಅಲಿಪೇ ಮಾಡಿದರೆ ಮುಗಿಯಿತು. ನನಗೆ ಗೊತ್ತಿಲ್ಲದೆ ಜಿಯಾನ್‌ಬಿಂಗ್ ಅಜ್ಜಿಗೆ ಎರಡು ಸಲ ಹಣ ಹೋಗಿತ್ತು. ಆಕೆ ಅರ್ಧ ಬೀದಿ ಓಡಿ ಬಂದು ಕೈಗೆ ನೋಟು ಇಟ್ಟು ಹೋದಳು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇಲ್ಲಿಂದಲೇ ನಾನು ಮೆತ್ತಗಾದೆ. "ಛೇ, ಈ ಊರಿನ ಬಗ್ಗೆ ಸುಮ್ನೆ ಹೆದರಿಸಿದ್ದರು" ಅಂದುಕೊಂಡೆ.

ಮಧ್ಯಾಹ್ನ ಯುಯುವಾನ್. 1559ರಲ್ಲಿ ಮಿಂಗ್ ಕಾಲದ ಒಬ್ಬ ಅಧಿಕಾರಿ ಅಪ್ಪ ಅಮ್ಮನಿಗಾಗಿ ಕಟ್ಟಿಸಲು ಶುರು ಮಾಡಿದ ತೋಟ. ಚೆನ್ನಾಗಿದೆ, ಜನ ಜಾಸ್ತಿ. ಹೊರಗೆ ಕೆರೆ ಮೇಲೆ ಒಂಬತ್ತು ತಿರುವಿನ ಸೇತುವೆ ಇದೆ. ದೆವ್ವಗಳು ನೇರಕ್ಕೆ ಮಾತ್ರ ಹೋಗುತ್ತವೆ, ತಿರುಗಲು ಬರಲ್ಲ, ಅದಕ್ಕೇ ಹೀಗೆ ಕಟ್ಟಿದ್ದು ಅಂತ ಅಲ್ಲಿನ ನಂಬಿಕೆ. ನನ್ನ ದೆವ್ವಗಳು ಸೇತುವೆ ದಾಟಿದ ಮೇಲೆ, ಬಂಡ್ ಕಡೆ ಹೋಗುವ ದಾರಿಯಲ್ಲಿ ನಿಂತಿದ್ದವು.

ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಇಪ್ಪತ್ತರ ಆಸುಪಾಸು. ಒಂದು ಫೋಟೋ ತೆಗೆದುಕೊಡಿ ಅಂದರು, ತೆಗೆದೆ. ಯಾವ ದೇಶ? ಇಂಡಿಯಾ. "ಓ, ಅಮೀರ್ ಖಾನ್! ಯೋಗ!" ಅವರು ಹಾರ್ಬಿನ್‌ನಿಂದ ಬಂದ ವಿದ್ಯಾರ್ಥಿಗಳಂತೆ, ರಜೆಗೆ ಬಂದಿದ್ದಾರಂತೆ, ಇಂಗ್ಲಿಷ್ ಮಾತಾಡಿ ಕಲಿಯುವ ಆಸೆಯಂತೆ. ಹುಡುಗ ನನ್ನ ಮಗಳು ಏನು ಓದುತ್ತಾಳೆ ಅಂತ ಕೇಳಿದ. ನಾನು ಹೇಳಿದೆ. ಮಗಳ ಫೋಟೋ ತೋರಿಸಿದೆ! ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಹತ್ತು ನಿಮಿಷ ನಡೆದ ಮೇಲೆ ಒಬ್ಬಳು, "ನಾವು ಟೀ ಸಮಾರಂಭಕ್ಕೆ ಹೋಗುತ್ತಿದ್ದೇವೆ, ಇವತ್ತೇ ಕೊನೆ ದಿನ, ನೀವೂ ಬನ್ನಿ" ಅಂದಳು. ದೊಡ್ಡದಾಗಿ ಬಲವಂತ ಏನೂ ಮಾಡಲಿಲ್ಲ. ಬಲವಂತ ಮಾಡಿದ್ದರೆ ಅನುಮಾನ ಬರುತ್ತಿತ್ತು, ಅಲ್ವಾ?

ಗಲ್ಲಿ ಒಳಗೆ ಇನ್ನೊಂದು ಗಲ್ಲಿ. ಮೊದಲ ಮಹಡಿ. ಕಿಟಕಿ ಇಲ್ಲದ ಪುಟ್ಟ ಕೋಣೆ. ಚಿಪಾವ್ ಅನ್ನುವ ಚೀನೀ ಉಡುಪು ತೊಟ್ಟ ಒಬ್ಬ ಹೆಂಗಸು ಬಂದು, ಮೊದಲ ಟೀಯನ್ನು ತಟ್ಟೆಯಲ್ಲಿ ಕೂತ ಮೂರು ಕಾಲಿನ ಮಣ್ಣಿನ ಕಪ್ಪೆಗೆ ಹುಯ್ದಳು. ಹೀಗೆ ಮಾಡಿದರೆ ದುಡ್ಡು ಬರುತ್ತದಂತೆ. ಬಂತು, ಅವಳಿಗೆ.

ಮೆನು ತೋರಿಸಿದ್ದು ನಿಜ. ಈ ಜಾಗ ಗಮನ ಇಟ್ಟು ಓದಿ. ರೇಷ್ಮೆ ಬಟ್ಟೆಯ ಒಂದು ಸುರುಳಿ ಬಿಚ್ಚಿದಳು, 48 ಅಂತ ಬೆರಳಿಟ್ಟು ತೋರಿಸಿದಳು, ಹುಡುಗಿ "ಓಕೆನಾ?" ಅಂದಳು, ನಾನು ತಲೆ ಆಡಿಸಿದೆ, ಸುರುಳಿ ಮುಚ್ಚಿತು. 48 ಯುವಾನ್ ಅಂದರೆ ಸುಮಾರು 600 ರೂಪಾಯಿ. ಇಡೀ ಸಮಾರಂಭಕ್ಕೆ ಅಂತ ಅಂದುಕೊಂಡೆ. ಮಲ್ಲಿಗೆ ಟೀ, ಊಲಾಂಗ್, ಪುಅರ್, ಲಿಚಿ, ಜಿನ್‌ಸೆಂಗ್, ಬಿಸಿನೀರಲ್ಲಿ ಅರಳುವ ಹೂವಿನದೊಂದು. ಆರು ಬಗೆ. ಕಪ್ಪು ಎಷ್ಟಿತ್ತು ಗೊತ್ತಾ? ನಮ್ಮ ದೇವಸ್ಥಾನದಲ್ಲಿ ತೀರ್ಥ ಇದಕ್ಕಿಂತ ಜಾಸ್ತಿ ಕೊಡುತ್ತಾರೆ. ನಡುವೆ ಕೇಳದೆಯೇ ಮೂರು ತಟ್ಟೆ ಬಂತು, ಒಣ ಹಣ್ಣು, ಸೂರ್ಯಕಾಂತಿ ಬೀಜ. ಆಮೇಲೆ ಒಂದು ಟೀ ಡಬ್ಬ ತಂದು, "ವಾಸನೆ ನೋಡಿ" ಅಂತ ಸೀಲ್ ಒಡೆದು ಮೂಗಿನ ಹತ್ತಿರ ಹಿಡಿದಳು. ಹೆಂಡತಿಗೆ ತೆಗೆದುಕೊಳ್ಳಿ ಅಂತ ಹುಡುಗಿಯರು ಹೇಳಿದರು. ಎಷ್ಟು ಅಂತ ಕೇಳಲಿಲ್ಲ. ಕೇಳಲಿಲ್ಲ! ಪೀಣ್ಯದಲ್ಲಿ ಒಂದು ಬೋಲ್ಟಿಗೂ ರೇಟ್ ಕೇಳುವವನು.

ಬಿಲ್ ಬಂತು. 48 ಅನ್ನುವುದು ಒಂದು ಬಗೆಗೆ, ಒಬ್ಬರಿಗೆ. ಆರು ಬಗೆ, ನಾಲ್ಕು ಜನ, 1,152. ತಟ್ಟೆಗೆ 60ರಂತೆ 180. ಕೋಣೆ ಬಾಡಿಗೆ 200. ಒಟ್ಟು 1,532. ಡಬ್ಬಕ್ಕೆ ಬೇರೆ 600.

ನಾನು ಹುಡುಗನ ಮುಖ ನೋಡಿದೆ. ಅವನು ಬಿಲ್ ನೋಡಿ ಬೆಚ್ಚಿಬೀಳಲಿಲ್ಲ. ಆ ವಯಸ್ಸಿನ ವಿದ್ಯಾರ್ಥಿ 1,532 ಯುವಾನ್ ನೋಡಿ ಕಣ್ಣು ಕೂಡ ಮಿಟುಕಿಸಲಿಲ್ಲ. ಆಗಲೇ ಗೊತ್ತಾಯಿತು. ಹೊಟ್ಟೆಯೊಳಗೆ ಏನೋ ಕುಸಿದ ಹಾಗೆ ಆಯಿತು. ಗೊತ್ತಾದ ಮೇಲೂ ಕೂತೇ ಇದ್ದೆ, ಅದೇ ಈಗಲೂ ಕೊರೆಯುವುದು.

"ಇದು ತುಂಬಾ ಜಾಸ್ತಿ" ಅಂದೆ. ಹೆಂಗಸು ಸುರುಳಿ ಬಿಚ್ಚಿ, ಕೆಳಗೆ ಸಣ್ಣ ಅಕ್ಷರ ತೋರಿಸಿ, "ನೀವು ನೋಡಿದ್ರಿ. ತಲೆ ಆಡಿಸಿದ್ರಿ" ಅಂದಳು. ಜೋರು ಮಾಡಲಿಲ್ಲ, ನಗುತ್ತಲೇ ಹೇಳಿದಳು. ಹುಡುಗ, "ಬೇಸರ ಮಾಡ್ಕೋಬೇಡಿ, ಅರ್ಧ ನಾವು ಕೊಡ್ತೀವಿ, ಅರ್ಧ ನೀವು" ಅಂದ. ಅವರು ಮೂವರು, ನಾನೊಬ್ಬ, ಅರ್ಧ ನಂದು! ಆಮೇಲೆ ಮೆಲ್ಲಗೆ, "ಅವರ ಮುಂದೆ ಚೌಕಾಸಿ ಮಾಡಿದರೆ ನಮಗೆ ಅವಮಾನ ಆಗುತ್ತೆ" ಅಂದ. ಅವಮಾನ ನನಗೆ ಆಗಬೇಕಿತ್ತು, ಅವನು ಮೊದಲೇ ತೆಗೆದುಕೊಂಡುಬಿಟ್ಟ. ಬಾಗಿಲ ಹತ್ತಿರ ಒಬ್ಬ ಗಂಡಸು ಬಂದು ಸುಮ್ಮನೆ ನಿಂತ. ಏನೂ ಹೇಳಲಿಲ್ಲ. ನಾನು 766 ಮತ್ತು 600, ಒಟ್ಟು 1,366 ಅಲಿಪೇ ಮಾಡಿದೆ. ವಿದೇಶಿ ಕಾರ್ಡಿನಿಂದ 200 ಯುವಾನ್ ದಾಟಿದರೆ 3% ಶುಲ್ಕ ಬೇರೆ. ಅದು 41 ಯುವಾನ್. ಬೆಳಿಗ್ಗೆಯಿಂದ ನಾನು ತಿಂದದ್ದಕ್ಕಿಂತ ಜಾಸ್ತಿ.

ಕೆಳಗೆ ಇಳಿದ ಮೇಲೆ ಮೂವರಿಗೂ ಅರ್ಜೆಂಟು ಕೆಲಸ ನೆನಪಾಯಿತು. ರಾತ್ರಿ ಹೋಟೆಲಿನಿಂದ ಹುಡುಗನಿಗೆ ವೀಚಾಟ್‌ನಲ್ಲಿ, ಅಂದರೆ ಅಲ್ಲಿನ ವಾಟ್ಸಾಪ್‌ನಲ್ಲಿ, ಬರೆದೆ, ಇದು ಸರಿಯಲ್ಲ ಅಂತ. "ನಾನೂ ಕೊಟ್ಟಿದ್ದೀನಲ್ಲ, ಗೆಳೆಯ. ಒಳ್ಳೆ ನೆನಪು ಕಾಸಿಗಿಂತ ದೊಡ್ಡದು" ಅಂತ ಉತ್ತರ. ಮುಂದಿನ ಮೆಸೇಜಿಗೆ ಕೆಂಪು ಗುರುತು ಬಂತು. ಬ್ಲಾಕ್. ಒಳ್ಳೆ ನೆನಪಂತೆ!

ಮರುದಿನ ವೂಶಿಯಲ್ಲಿ ಸಪ್ಲೈಯರ್ ಕಡೆಯ ಹುಡುಗನಿಗೆ ಹೇಳಿದೆ. ಮೊದಲು ನಕ್ಕ. "ಸರ್, ನಾವೇ ಶಾಂಘೈಗೆ ಹೋದರೆ ಯಾರೂ ಟೀಗೆ ಕರೆಯಲ್ಲ" ಅಂದ. ಆಮೇಲೆ ಪಾಪ, ಡಬ್ಬದ ಮೇಲಿದ್ದ ನಂಬರಿಗೆ ಫೋನ್ ಮಾಡಿದ. ಡಬ್ಬ ವಾಪಸ್ ಮಾಡಲು ಆಗಲ್ಲ, ಸೀಲ್ ಒಡೆದಿದೆ ಅಂದರಂತೆ. ಒಡೆದವರು ಯಾರು ಸ್ವಾಮಿ? ಜೊತೆಗೆ ಬಂದವರು ಯಾರು ಅಂತ ತಮಗೆ ಗೊತ್ತಿಲ್ಲ, "ಅವರು ಗಿರಾಕಿಯ ಸ್ನೇಹಿತರು" ಅಂದರಂತೆ. ಫಾಪಿಯಾವ್ ಇದೆಯಾ ಅಂತ ಅವನು ನನ್ನನ್ನು ಕೇಳಿದ, ಅಂದರೆ ತೆರಿಗೆ ಲೆಕ್ಕದ ಅಧಿಕೃತ ರಸೀದಿ. ನನ್ನ ಹತ್ತಿರ ಚೂರು ಕಾಗದವೂ ಇಲ್ಲ. ಅಲ್ಲೇ ಕೂತು ಪೊಲೀಸ್‌ಗೆ 110 ಒತ್ತಬೇಕಿತ್ತು ಸರ್, ಇಂಥವರು ಪೊಲೀಸ್ ಅಂದ ಕೂಡಲೇ ದಾರಿಗೆ ಬರ್ತಾರೆ ಅಂದ. ಗ್ರಾಹಕರ ದೂರಿಗೆ 12315 ಇದೆಯಂತೆ, ಚೀನೀ ಭಾಷೆ ಬರುವವರು ಜೊತೆಗಿದ್ದರೆ ಒಳ್ಳೆಯದು.

ಇಷ್ಟು ಮಾಡಿ. ತಾವಾಗೇ ಬಂದು ಮಾತಾಡಿಸಿದವರ ಜೊತೆ ಯಾವ ಕೋಣೆಗೂ ಹೋಗಬೇಡಿ. ಟೀ ಬೇಕಿದ್ದರೆ ನೀವೇ ಆರಿಸಿದ ಅಂಗಡಿಗೆ ಹೋಗಿ. ಮೆನುವಿನ ಫೋಟೋ ಹೊಡೆದುಕೊಳ್ಳಿ, "ಒಬ್ಬರಿಗಾ, ಒಟ್ಟಿಗಾ" ಅಂತ ಕೇಳಿ ಬರೆಸಿಕೊಳ್ಳಿ. ಫಾಪಿಯಾವ್ ಕೇಳಿ. "ಬು ಯಾವ್" ಅಂದರೆ ಬೇಡ ಅಂತ, ಅದನ್ನು ಮುಖ ನೋಡದೆ ಹೇಳಲು ಕಲಿಯಿರಿ. ಬೀದಿ ತಿಂಡಿ ಧಾರಾಳವಾಗಿ ತಿನ್ನಿ, ಕಾವಲಿ ಮುಂದೆ ನಿಂತವರು ಯಾರೂ ನನಗೆ ಮೋಸ ಮಾಡಲಿಲ್ಲ.

ಆ ಗಲಾಟೆಯಲ್ಲಿ ಬಂಡ್‌ನ ದೀಪ ನೋಡಲು ಮನಸ್ಸೇ ಬರಲಿಲ್ಲ. ಹುವಾಂಗ್‌ಪು ನದಿ ದಾಟಿಸುವ ಫೆರಿಗೆ ಬರೀ 2 ಯುವಾನ್, ಅದರಲ್ಲಿ ಹೋಗಿ ಬರಬೇಕು ಅಂತ ಇಟ್ಟುಕೊಂಡಿದ್ದೆ. ಅದೂ ಆಗಲಿಲ್ಲ.

ವಾಪಸ್ ಬರುವಾಗ ಏರ್‌ಪೋರ್ಟಿನಲ್ಲಿ ಅದೇ ಅಳತೆಯ ಮಲ್ಲಿಗೆ ಟೀ ಡಬ್ಬ ಇತ್ತು. 90 ಯುವಾನ್. ಮನೆಯಲ್ಲಿ ಹೆಂಡತಿ ನನ್ನ ಡಬ್ಬದ ಟೀ ಮಾಡಿ ಒಂದು ಗುಟುಕು ಕುಡಿದು, "ಇದಕ್ಕೆ ಹಾಲು ಹಾಕಬಹುದೇನ್ರೀ?" ಅಂದಳು. ಬೆಲೆ ಇನ್ನೂ ಹೇಳಿಲ್ಲ.