ಹಾಲಿನ ಕ್ಯಾನಿಗೊಂದು ರಿಫ್ಲೆಕ್ಟರ್ ಜಾಕೆಟ್

ರಸ್ತೆ ಕೆಲಸದವರು ಹಾಕುತ್ತಾರಲ್ಲ, ಅದೇ ಹಳದಿ ಜಾಕೆಟ್. ಶಿವಮೊಗ್ಗದ ಗಾಂಧಿ ಬಜಾರ್ ಕಡೆ ಒಂದು ಅಂಗಡಿಯಲ್ಲಿ 150 ರೂಪಾಯಿಗೆ ಸಿಕ್ಕಿತು. ಕಾಲಿಗೆ ಕಟ್ಟುವ, ಬೆಳಕು ಬಿದ್ದರೆ ಹೊಳೆಯುವ ಬೆಳ್ಳಿ ಬಣ್ಣದ ಪಟ್ಟಿ ಒಂದು ಜೊತೆ, 80 ರೂಪಾಯಿ. "ಕಂಟ್ರಾಕ್ಟ್ ಕೆಲಸಕ್ಕಾ ಅಮ್ಮ?" ಅಂತ ಅಂಗಡಿಯವನು ಕೇಳಿದ. ಡೈರಿಗೆ ಹಾಲು ಹಾಕೋಕೆ ಅಂದರೆ ನಕ್ಕ.

ನಮ್ಮನೆ ಕುಂಸಿ ಹತ್ತಿರ. ಡೈರಿಗೆ ಹೋಗಲು ಬಿ.ಎಚ್. ರೋಡ್, ಅಂದರೆ ಬೆಂಗಳೂರು-ಹೊನ್ನಾವರ ಹೆದ್ದಾರಿ, ಬಿಟ್ಟು ಬೇರೆ ದಾರಿಯಿಲ್ಲ. ಟಾರಿನ ಪಕ್ಕದ ಮಣ್ಣು ಮಳೆಗೆ ಕೊಚ್ಚಿಹೋಗಿದೆ, ಉಳಿದ ಕಡೆ ಸೊಂಟದವರೆಗೆ ಹುಲ್ಲು. ಬಿಳಿ ಗೆರೆಯ ಮೇಲೇ ನಡೆಯಬೇಕು. ಬೆಳಗಿನ ಕತ್ತಲಲ್ಲಿ ಬಸ್ಸು, ಲಾರಿ ಸಾಲದು ಅಂತ ಮಳೆಗಾಲದ ಶನಿವಾರ, ಭಾನುವಾರ ಜೋಗಕ್ಕೆ ಹೋಗುವ ಕಾರುಗಳೂ ಸೇರುತ್ತವೆ. 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಪ್ಪು ಕಂಬಳಿ ಹೊದ್ದವರು ಕಣ್ಣಿಗೆ ಬೀಳುವಷ್ಟರಲ್ಲಿ ಬ್ರೇಕಿಗೆ ಜಾಗವೇ ಇರಲ್ಲ.

ಮಗನಿಗೆ ಹಾಕಿಸಿ, ದೂರ ನಿಲ್ಲಿಸಿ, ಬೈಕಿನ ಡಿಮ್ ಲೈಟಲ್ಲಿ ನೋಡಿದೆ. ಅವನ ಮುಖ ಕಾಣುವ ಎಷ್ಟೋ ಮುಂಚೆ ಪಟ್ಟಿ ಹೊಳೆಯಿತು. ಆ ಮಟ್ಟಿಗೆ ದುಡ್ಡು ವಸೂಲಿ.

ಡ್ರೈವರುಗಳ ಕಥೆ ಮಾತ್ರ ಬೇರೆ. ಜಾಕೆಟ್ ಕಂಡರೆ ನಿಧಾನ ಮಾಡುತ್ತಾರೆ, ನಿಜ. ನಡೆಯುವವಳ ಮೇಲಿನ ಮರ್ಯಾದೆಗಲ್ಲ, ಪೊಲೀಸ್ ಚೆಕಿಂಗ್ ಇರಬೇಕು ಅಂತ! ಲೈಟು ಡಿಮ್ ಆಗುತ್ತದೆ. ಒಬ್ಬ ಹತ್ತಿರ ಬರುವಷ್ಟರಲ್ಲಿ ಸೀಟ್ ಬೆಲ್ಟ್ ಎಳೆದುಕೊಳ್ಳುತ್ತಿದ್ದ. ಕ್ಯಾನು ಕಂಡಿತೋ, ಒಂದು ಹಾರ್ನ್ ಹೊಡೆದು ಮತ್ತೆ ಅದೇ ಸ್ಪೀಡು. ಹಾರ್ನ್ ಹೊಡೆದರೆ ಅವರ ಜವಾಬ್ದಾರಿ ಮುಗಿಯಿತು, ಸರಿಯುವುದು ನಮ್ಮ ಕೆಲಸ. ಎಲ್ಲಿಗೆ ಸರಿಯೋದು, ಚರಂಡಿಗಾ? ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಅವರಲ್ಲಿ ಎಷ್ಟು ಜನಕ್ಕೆ ಹಾರ್ನ್ ಕೇಳಿಸಿತ್ತೋ.

ಜಾಕೆಟ್ಟಿಗಿಂತ ಕಾಲಿನ ಪಟ್ಟಿಯೇ ನನಗೆ ಜಾಸ್ತಿ ಇಷ್ಟ. ಹೆಜ್ಜೆ ಹಾಕಿದಂತೆ ಅದೂ ಮೇಲೆ ಕೆಳಗೆ ಆಡುತ್ತದೆ. ಬರೀ ಜಾಕೆಟ್ ಆದರೆ ಕತ್ತಲಲ್ಲಿ ಬೋರ್ಡೋ ಕಂಬವೋ ಅನ್ನಿಸಬಹುದು, ಕಂಬ ನಡೆಯಲ್ಲ ಅಲ್ವಾ?

ದೂರುಗಳೂ ಇವೆ. ಪಟ್ಟಿಯ ಮೇಲಿನ ಸಣ್ಣ ಗಾಜಿನ ಮಣಿಗಳು ನೆನೆದರೆ ಹೊಳಪು ಇಳಿಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯದೇ ಇರೋದು ಹೇಗೆ? ಒರೆಸಿ ಒರೆಸಿ ನಡೆಯಬೇಕು. ಮಣಿಯ ಬದಲು ಸಣ್ಣ ಸಣ್ಣ ಪ್ರಿಸಂ ಇರುವ ಪಟ್ಟಿ ಮಳೆಯಲ್ಲಿ ವಾಸಿ, ರೇಟೂ ಜಾಸ್ತಿ. ವೆಲ್ಕ್ರೋಗೆ ಉತ್ತರಾಣಿ ಬೀಜ ಅಂಟಿಕೊಂಡು ಹಿಡಿತವೇ ಹೋಯಿತು, ಈಗ ಪಿನ್ ಚುಚ್ಚಿದ್ದೇನೆ. ಹೆಡ್‌ಲೈಟ್ ಇಲ್ಲದ ಟ್ರಾಕ್ಟರಿಗೆ ಈ ಪಟ್ಟಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೆಳಕು ಬಿದ್ದರೆ ತಾನೇ ಹೊಳೆಯೋದು. ಹಾಗಾಗಿ ಟಾರ್ಚ್ ಬಿಟ್ಟಿಲ್ಲ. ಎದುರು ಬರುವ ಗಾಡಿ ಕಾಣಲಿ ಅಂತ ರಸ್ತೆಯ ಬಲಬದಿಯಲ್ಲೇ ನಡೆಯುವುದನ್ನೂ ಬಿಟ್ಟಿಲ್ಲ.

ಕಾಲಿನ ಪಟ್ಟಿಗೆ ಐದಕ್ಕೆ ಐದು, ಜಾಕೆಟ್ಟಿಗೆ ಮೂರು. ರೇನ್‌ಕೋಟಿನ ಮೇಲೆ ಹಾಕಬೇಕು, ಅದಕ್ಕೆ ಒಂದು ಸೈಜ್ ದೊಡ್ಡದು ತಗೊಳ್ಳಿ. ಅಂಗಡಿಯಲ್ಲೇ ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಪಟ್ಟಿಗೆ ಬಿಟ್ಟು ನೋಡಿ. ಫಳ್ ಅಂತ ಹೊಳೆಯದಿದ್ದರೆ ಅದು ಸುಮ್ನೆ ಬೂದು ಬಣ್ಣದ ಬಟ್ಟೆ, ವಾಪಸ್ ಕೊಡಿ.