ಬೀಟಲ್ಸ್ ಹೆಸರು ಮಾಡುವ ಮುಂಚಿನ ಮೂರು ರೆಕಾರ್ಡಿಂಗ್: ಯಾವುದು ಕೇಳಲಿ?

ಅಕ್ಕನ ಮಗ ಗಿಟಾರ್ ಕಲಿಯಲು ಶುರು ಮಾಡಿ ಆರು ತಿಂಗಳಾಯಿತು. ಹೋದ ವಾರ ಫೋನ್ ಮಾಡಿ, "ಮಾಮ, ಬೀಟಲ್ಸ್ ಫೇಮಸ್ ಆಗೋಕೆ ಮುಂಚೆ ಹೇಗೆ ನುಡಿಸ್ತಿದ್ರು? ರೆಕಾರ್ಡಿಂಗ್ ಇದ್ರೆ ಒಂದು ಹೇಳಿ, ಒಂದೇ ಸಾಕು" ಅಂದ. ಸುಮ್ನೆ ನೆನಪಿನ ಮೇಲೆ ಹೇಳಲು ಮನಸ್ಸು ಬರಲಿಲ್ಲ. ಮೂರು ರಾತ್ರಿ ಕೂತು ಮೂರನ್ನೂ ಮತ್ತೆ ಕೇಳಿದೆ. ಅದೇ ಕುರ್ಚಿ, ಅದೇ ಹೆಡ್‌ಫೋನ್.

ಮೊದಲನೆಯದು 1958ರದು. ಆಗ ಬ್ಯಾಂಡಿನ ಹೆಸರು ಕ್ವಾರಿಮೆನ್. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಪರ್ಸಿ ಫಿಲಿಪ್ಸ್ ಎಂಬುವರು ಮನೆಯಲ್ಲೇ ಪುಟ್ಟ ಸ್ಟುಡಿಯೋ ಇಟ್ಟುಕೊಂಡಿದ್ದರು. ಹುಡುಗರು ದುಡ್ಡು ಕೂಡಿಸಿಕೊಂಡು ಅಲ್ಲಿಗೆ ಹೋದರು. ಜಾನ್ ಲೆನನ್‌ಗೆ 17, ಪಾಲ್ ಮೆಕಾರ್ಟ್ನಿಗೆ 16, ಜಾರ್ಜ್ ಹ್ಯಾರಿಸನ್‌ಗೆ 15. ಜೊತೆಗೆ ಪಿಯಾನೋಗೆ ಜಾನ್ ಲೋ, ಡ್ರಮ್ಸ್‌ಗೆ ಕಾಲಿನ್ ಹ್ಯಾಂಟನ್. ಎರಡು ಹಾಡು, ಐದು ಜನಕ್ಕೆ ಒಂದೇ ಡಿಸ್ಕ್. ಅದು ಕೈಯಿಂದ ಕೈಗೆ ಹೋಗಿ ಕೊನೆಗೆ ಲೋ ಹತ್ತಿರ ಉಳಿಯಿತು. 1981ರಲ್ಲಿ ಪಾಲ್ ಅದನ್ನು ಅವರಿಂದ ಕೊಂಡುಕೊಂಡರು.

ಹೆಡ್‌ಫೋನ್ ಹಾಕಿದರೆ ಮೊದಲು ಕೇಳಿಸುವುದು ಚರಚರ ಸದ್ದು. ಅದರ ಹಿಂದಿನಿಂದ ಜಾನ್ ದನಿ. ಒಂದು ಕಡೆ ಅಮೆರಿಕದ ರಾಕ್ ಗಾಯಕ ಬಡ್ಡಿ ಹಾಲಿಯ ಹಾಡು. ಇನ್ನೊಂದು ಕಡೆ ಪಾಲ್ ಮತ್ತು ಜಾರ್ಜ್ ಹೆಸರಿನಲ್ಲಿರುವ ಸ್ವಂತ ಹಾಡು. ಬೇಸ್ ಗಿಟಾರ್ ಇಲ್ಲವೇ ಇಲ್ಲ. ಕೇಳಿದರೆ ಎದೆ ತುಂಬಿ ಬರುತ್ತದೆ, ನಿಜ. ಆದರೆ ಇದು ತಮಗಿಷ್ಟವಾದ ರೆಕಾರ್ಡುಗಳ ಹಾಗೆಯೇ ಹಾಡಲು ನೋಡುತ್ತಿರುವ ಮಕ್ಕಳ ಸದ್ದು. ಎರಡು ಹಾಡಿನಲ್ಲಿ ಒಂದು ಬ್ಯಾಂಡ್ ಹೇಗಿತ್ತು ಅಂತ ಹೇಳಲು ಆಗುವುದಿಲ್ಲ.

1961ರಲ್ಲಿ ಜರ್ಮನಿಯಲ್ಲಿ ಗಾಯಕ ಟೋನಿ ಶೆರಿಡನ್ ಜೊತೆ ಮಾಡಿದ್ದೂ ಇದೆ. ಅಲ್ಲಿ ಹೆಚ್ಚಿನ ಹಾಡುಗಳಲ್ಲಿ ಮುಂದೆ ನಿಂತು ಹಾಡುವವರು ಶೆರಿಡನ್. ಹಾಗಾಗಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಉಳಿದ ಎರಡು ಟೇಪಿನ ನಡುವೆಯೇ ನಿಜವಾದ ಪೈಪೋಟಿ. ಎರಡೂ ಒಂದೇ ವರ್ಷದವು: ಒಂದು 1962ರ ಜನವರಿ 1ರದು, ಇನ್ನೊಂದು ಅದೇ ಡಿಸೆಂಬರ್ ಕೊನೆಯದು.

ಜನವರಿಯದು ಲಂಡನ್‌ನಲ್ಲಿ ಡೆಕ್ಕಾ ಎಂಬ ರೆಕಾರ್ಡ್ ಕಂಪನಿಗೆ ಕೊಟ್ಟ ಆಡಿಷನ್. ಹಿಂದಿನ ದಿನ ಹಿಮದಲ್ಲಿ ವ್ಯಾನಿನಲ್ಲಿ ಲಿವರ್‌ಪೂಲ್‌ನಿಂದ ಬಂದಿದ್ದರು. ಇವರ ಆಂಪ್ಲಿಫೈಯರ್ ಸರಿಯಿಲ್ಲ ಅಂತ ಸ್ಟುಡಿಯೋದ್ದನ್ನೇ ಬಳಸಬೇಕಾಯಿತು. 15 ಹಾಡು, ಅದರಲ್ಲಿ ಸ್ವಂತದ್ದು ಮೂರೇ. ಡ್ರಮ್ಸ್ ಪೀಟ್ ಬೆಸ್ಟ್. ಡೆಕ್ಕಾ ಇವರನ್ನು ಬೇಡವೆಂದಿತು. ಆದರೆ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್ ಈ ಟೇಪಿನಿಂದ ಡಿಸ್ಕ್ ಮಾಡಿಸಲು ಹೋದಾಗಲೇ ಮುಂದೆ ಇವರ ರೆಕಾರ್ಡುಗಳನ್ನು ಮಾಡಿಸಿದ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ ಅವರವರೆಗೆ ದಾರಿ ತೆರೆಯಿತು.

ಡಿಸೆಂಬರಿನದು ಜರ್ಮನಿಯ ಹ್ಯಾಂಬರ್ಗ್‌ನ ಸ್ಟಾರ್ ಕ್ಲಬ್‌ನದು. ಅಷ್ಟರಲ್ಲಿ ಮೊದಲ ಸಿಂಗಲ್ ಬಂದಿತ್ತು, ಪೀಟ್ ಬೆಸ್ಟ್ ಜಾಗಕ್ಕೆ ಡ್ರಮ್ಸ್‌ಗೆ ರಿಂಗೊ ಸ್ಟಾರ್ ಸೇರಿದ್ದರು, ಆದರೆ ಬ್ರಿಟನ್‌ನಲ್ಲಿ ಬೀಟಲ್ಸ್ ಹುಚ್ಚು ಇನ್ನೂ ಹತ್ತಿರಲಿಲ್ಲ. ಮನೆ ಬಳಕೆಯ ಟೇಪ್ ರೆಕಾರ್ಡರ್, ವೇದಿಕೆಯ ಮುಂದೆ ಒಂದು ಮೈಕ್, ಅಷ್ಟೇ. 1977ರಲ್ಲಿ ಇದು ಆಲ್ಬಂ ಆಗಿ ಹೊರಬಂತು. ಬ್ಯಾಂಡಿನವರಿಗೇ ಇದು ಬೇಕಿರಲಿಲ್ಲ. ಅದರ ಮಾರಾಟ ತಡೆಯಲು ಹಾಕಿದ ಕೇಸಿನಲ್ಲಿ 1998ರಲ್ಲಿ ಜಾರ್ಜ್ ಹ್ಯಾರಿಸನ್ ತಾವೇ ಲಂಡನ್‌ನ ಕೋರ್ಟಿಗೆ ಬಂದು ಸಾಕ್ಷಿ ಹೇಳಿದರು, ತೀರ್ಪು ಬೀಟಲ್ಸ್ ಪರವಾಗಿ ಬಂತು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಒಂದು ಹಾಡು ಸಿಕ್ಕಿತು: 'ಟಿಲ್ ದೇರ್ ವಾಸ್ ಯು'. ಬ್ರಾಡ್‌ವೇ ನಾಟಕದ ಮೆಲುವಾದ ಪ್ರೇಮಗೀತೆ. ಎರಡರಲ್ಲೂ ಇದೆ, ಎರಡರಲ್ಲೂ ಹಾಡುವವರು ಪಾಲ್.

ಡೆಕ್ಕಾದಲ್ಲಿ ಪ್ರತಿಯೊಂದು ಅಕ್ಷರ ಸ್ಪಷ್ಟ. ಜಾಸ್ತಿಯೇ ಸ್ಪಷ್ಟ. ಪಾಲ್ ಒಂದೊಂದು ಪದವನ್ನೂ ತೊಳೆದು ಒರೆಸಿ ಇಡುತ್ತಿರುವ ಹಾಗಿದೆ. ಕೊನೆಯಲ್ಲಿ ದನಿ ಸಣ್ಣಗೆ ನಡುಗುತ್ತದೆ. ಗಾಜಿನ ಆಚೆ ಕೂತವರು ಒಪ್ಪುತ್ತಾರೋ ಇಲ್ಲವೋ ಅನ್ನುವ ಅಳುಕು ಆ ನಡುಕದಲ್ಲೇ ಇದೆ ಅನ್ನಿಸುತ್ತದೆ ನನಗೆ. ಗಿಟಾರ್ ಮಾತ್ರ ಬಿಡಿಬಿಡಿಯಾಗಿ ಕೇಳಿಸುತ್ತದೆ. ಕಲಿಯುವವರಿಗೆ ಇದು ದೊಡ್ಡ ಅನುಕೂಲ.

ಸ್ಟಾರ್ ಕ್ಲಬ್‌ನಲ್ಲಿ ಅದೇ ಪಾಲ್, ಅದೇ ಹಾಡು. ಆದರೆ ಪಾಲ್ ಒಂದು ಸಾಲು ಹಾಡಿ ಮುಗಿಸುವಷ್ಟರಲ್ಲಿ ಜಾನ್ ಹಿಂದಿನಿಂದ ಅದನ್ನೇ ತಮಾಷೆಗೆ ತಿರುಗಿ ಹೇಳುತ್ತಾರೆ. ಪಾಲ್ ಕಂಗೆಡುವುದಿಲ್ಲ, ಹಾಡುತ್ತಾ ಹೋಗುತ್ತಾರೆ. ಇದು ಇವರಿಗೆ ದಿನದ ಮಾತು ಅಂತ ಗೊತ್ತಾಗಿಬಿಡುತ್ತದೆ. ಹತ್ತಿರ ಹತ್ತಿರ ಒಂದು ವರ್ಷದ ಹಿಂದೆ ನಡುಗುತ್ತಿದ್ದ ದನಿ ಇದೇನಾ ಅಂತ ನಾನು ಮತ್ತೆ ಡೆಕ್ಕಾದ್ದನ್ನು ಹಾಕಿ ಕೇಳಿದೆ. ಹೌದು, ಅದೇ.

ಸದ್ದಿನ ವಿಷಯದಲ್ಲಿ ಸ್ಟಾರ್ ಕ್ಲಬ್ ಸೋಲುತ್ತದೆ, ಅನುಮಾನವೇ ಬೇಡ. ಹಾಡುವ ದನಿ ಎಲ್ಲೋ ದೂರ, ಸಿಂಬಲ್ ಸದ್ದು ಎಲ್ಲವನ್ನೂ ನುಂಗುತ್ತದೆ. ಹೆಡ್‌ಫೋನಿನಲ್ಲಿ ಕಾಲು ಗಂಟೆಗೇ ತಲೆ ಭಾರವಾಯಿತು. ಕೊನೆಗೆ ಹೆಡ್‌ಫೋನ್ ತೆಗೆದು, ಸಣ್ಣ ಸ್ಪೀಕರನ್ನು ಅಡುಗೆಮನೆಯ ಕಟ್ಟೆ ಮೇಲಿಟ್ಟು, ಹಾಲ್‌ನಲ್ಲಿ ಕೂತು ಕೇಳಿದೆ. ಆಗ ಸರಿಹೋಯಿತು. ಪಕ್ಕದ ಬೀದಿಯಲ್ಲಿ ಆರ್ಕೆಸ್ಟ್ರಾ ನಡೆಯುವಾಗ ಮನೆಯಲ್ಲೇ ಕೂತು ಕಾಲು ಕುಣಿಸುತ್ತೇವಲ್ವಾ, ಹಾಗೆ. ಗಡಿಬಿಡಿಯ ಹಾಡುಗಳಲ್ಲಿ ರಿಂಗೊ ಕೊಡುವ ಒತ್ತು ಆಗ ಕಿವಿಗೆ ಬಿತ್ತು. ಡೆಕ್ಕಾದಲ್ಲಿ ಪೀಟ್ ಬೆಸ್ಟ್ ಒಂದು ಹಾಡಿನಿಂದ ಇನ್ನೊಂದಕ್ಕೆ ಹೆಚ್ಚು ಬದಲಾಗುವುದಿಲ್ಲ.

ದುಡ್ಡು ಕೊಟ್ಟು ಅಧಿಕೃತವಾಗಿ ಕೇಳಬೇಕು ಅನ್ನುವವರಿಗೆ 1995ರ 'ಆಂಥಾಲಜಿ 1' ಎಂಬ ಬೀಟಲ್ಸ್ ಸಂಗ್ರಹ ಆಲ್ಬಂ ಇದೆ. ಅದರಲ್ಲಿ 1958ರ ಎರಡೂ ಹಾಡು, ಡೆಕ್ಕಾದ ಐದು ಹಾಡು ಸಿಗುತ್ತವೆ. ಸ್ಟಾರ್ ಕ್ಲಬ್ ಅದರಲ್ಲಿಲ್ಲ, ನಾನು ಹೇಳಿದ ಹಾಡಿನ ಡೆಕ್ಕಾ ರೆಕಾರ್ಡಿಂಗೂ ಇಲ್ಲ.

ಹುಡುಗನಿಗೆ ಏನು ಹೇಳಿದೆ? ಬೆರಳು ಎಲ್ಲಿ ಇಡಬೇಕು ಅಂತ ತಿಳಿಯಲು ಡೆಕ್ಕಾ. ಆದರೆ ಅವನು ಕೇಳಿದ್ದು ಹೇಗೆ ನುಡಿಸ್ತಿದ್ರು ಅಂತ. ಅದಕ್ಕೆ ಉತ್ತರ ಸ್ಟಾರ್ ಕ್ಲಬ್. ಒಂದೇ ಸಾಕು ಅಂದಿದ್ದನಲ್ಲ, ಒಂದೇ ಹಾಡು ಕಳಿಸಿದೆ, ಎರಡು ಟೇಪಿನದು. ಜನವರಿಯದನ್ನು ಹೆಡ್‌ಫೋನಿನಲ್ಲಿ ಕೇಳು, ಡಿಸೆಂಬರಿನದನ್ನು ಸ್ಪೀಕರ್ ದೂರ ಇಟ್ಟು ಕೇಳು ಅಂದೆ.